ಎದುರುದಂಡೆಯ ತೂಕ

ನಮ್ಮೂರಿನ ನಡುವೆ ಒಂದು ಕಾಲುವೆ ಹರಿಯುತ್ತದೆ. ಅಗಲ ಹದಿನಾಲ್ಕು ಅಡಿ, ದಾಟಲು ಒಂದೇ ಸೇತುವೆ. ಮೇಲ್ದಂಡೆಯವರು ಇಟ್ಟಿಗೆ ಭಟ್ಟಿಯಲ್ಲಿ ದುಡಿಯುತ್ತಾರೆ. ಕೆಳದಂಡೆಯವರು ಕಾಯಿಪಲ್ಲೆ ಬೆಳೆಯುತ್ತಾರೆ. ಎದೆಹಾಲು ಬಿಟ್ಟ ದಿನದಿಂದ ಹಾಲುಹಲ್ಲು ಬೀಳುವವರೆಗೆ ಒಂದು ದಂಡೆಯ ಕೂಸು ಉಂಡದ್ದು ಇನ್ನೊಂದು ದಂಡೆಯ ಕೂಸಿನ ಮೈಗೆ ಹತ್ತುತ್ತದೆ. ಉಂಡ ಕೂಸಿಗೆ ರುಚಿ ಮಾತ್ರ. ಯಾರಿಗೆ ಯಾರು ಎಂಬುದು ಹಾಲು ಬಿಡಿಸಿದ ವಾರದಲ್ಲೇ ಗೊತ್ತಾಗುತ್ತದೆ: ಮೇಲ್ದಂಡೆಯಲ್ಲಿ ಒಬ್ಬನಿಗೆ ಬಾಳೆಹಣ್ಣು ತಿನ್ನಿಸಿದರೆ ಕೆಳದಂಡೆಯಲ್ಲಿ ಒಬ್ಬಳು ತೇಗುತ್ತಾಳೆ. ಅಂದಿನಿಂದ ಆ ಇಬ್ಬರು ಒಬ್ಬರಿಗೊಬ್ಬರು ಎದುರುಕೂಸು. ತಾಯಂದಿರು ಅಂದಿನಿಂದ ಎರಡು ಮನೆಯ ಒಲೆಗಳ ಮೇಲೆ ಕಣ್ಣಿಡಬೇಕು.

ಹೀಗಾಗಿ ಊಟದ ಹೊತ್ತಿಗೆ ಸೇತುವೆ ತುಂಬಿರುತ್ತದೆ. ಸೆರಗಿನಡಿ ಬಟ್ಟಲು ಮುಚ್ಚಿಕೊಂಡ ಹೆಂಗಸರು ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಹೋಗುತ್ತಿರುತ್ತಾರೆ. ಊರಿನ ಜಗಳಗಳೂ ಹೆಚ್ಚಾಗಿ ಅಲ್ಲೇ ಹುಟ್ಟುತ್ತವೆ. ಹೋದ ಮಾಗಿಯಲ್ಲಿ ಮೇಲ್ದಂಡೆಯ ಕಲ್ಲವ್ವನ ಮಗ ಚೆನ್ನ ನಾಲ್ಕು ಹಸಿ ಪೇರಲಕಾಯಿ ತಿಂದ. ಅವನ ಎದುರುಕೂಸು ನೀಲಿ. ಅವಳ ತಾಯಿ ದ್ಯಾಮವ್ವ ಸೇತುವೆಯ ನಡುವೆ ಕಲ್ಲವ್ವನನ್ನು ತಡೆದು ನಿಲ್ಲಿಸಿದಳು.

"ನಿನ್ನ ಮಗನ ಬಾಯಿಗೆ ಬೀಗ ಹಾಕ! ಅಂವ ಕಾಯಿ ಕಡದ್ರ ನನ್ನ ಮಗಳು ಹೊಟ್ಟಿ ಹಿಡ್ಕೊಂಡು ಉಳ್ಳಾಡ್ತಾಳ."

"ನಿನ್ನ ಮಗಳು ಒಂದು ತುತ್ತು ಬಾಯಾಗಿಟ್ಕೊಂಡು ಸಂಜೀತನ ಚೀಪ್ತಾಳ," ಅಂದಳು ಕಲ್ಲವ್ವ. "ಅದಕ್ಕ ನನ್ನ ಮಗನ ಪಕ್ಕೆಲುಬು ಎಣಿಸ್ಬಹುದು. ಮದ್ಲ ಅದನ್ನ ನೋಡ್ಕೊ."

ಅದಾದ ಮೇಲೆ ಅವರು ಒಬ್ಬರ ಹೊಸ್ತಿಲನ್ನು ಇನ್ನೊಬ್ಬರು ತುಳಿಯಲಿಲ್ಲ.

ನನ್ನ ಹೆಸರು ಫಕೀರಪ್ಪ. ಹದಿನೇಳು ವರ್ಷದಿಂದ ಅಳತೆಯ ಕೆಲಸ ಮಾಡುತ್ತಿದ್ದೇನೆ, ಊರವರು ಅಳತಿ ಮಾಸ್ತರ ಅನ್ನುತ್ತಾರೆ. ದೂರದ ನಗರದ ಒಂದು ಕಚೇರಿ ಮಕ್ಕಳ ಪೋಷಣೆಗೆಂದು ಇಲ್ಲಿ ಅಡುಗೆಮನೆ ತೆರೆದಾಗ ತೂಕ, ಎತ್ತರ, ತೋಳಿನ ಸುತ್ತಳತೆ ದಾಖಲಿಸಲು ನನ್ನನ್ನು ನೇಮಿಸಿತು. ಕಚೇರಿಯ ಕ್ರಮ ಸರಳವಾಗಿತ್ತು. ಊರಿನ ಒಂದು ಭಾಗಕ್ಕೆ ಊಟ, ಇನ್ನೊಂದು ಭಾಗ ಇದ್ದ ಹಾಗೆ. ಆರು ತಿಂಗಳ ನಂತರ ಎರಡನ್ನೂ ಹೋಲಿಸಬೇಕು. ವ್ಯತ್ಯಾಸ ಕಂಡರೆ ಅಡುಗೆಮನೆ ಉಳಿಯುತ್ತದೆ, ಕಾಣದಿದ್ದರೆ ಮುಚ್ಚುತ್ತದೆ.

ಅಡುಗೆಮನೆ ಯಾವ ಭಾಗಕ್ಕೆ ಎಂದು ಅವರು ನಮ್ಮ ಹಿರಿಯರನ್ನು ಕೇಳಿದರು. ಹಿರಿಯರು ಒಂದು ಕ್ಷಣವೂ ಯೋಚಿಸದೆ ಮೇಲ್ದಂಡೆ ಎಂದರು. ಸೊರಗಿದ್ದವರು ಕೆಳದಂಡೆಯ ಮಕ್ಕಳು. ಭಟ್ಟಿಯವರ ಮನೆಗಳಲ್ಲಿ ಒಂದು ಹೊತ್ತಿನ ಗಂಜಿ, ಆದ್ದರಿಂದ ಕಾಲುವೆಯಾಚೆ ಕೆಳದಂಡೆಯಲ್ಲಿ ತೋಳುಗಳು ಕಡ್ಡಿಯಾಗಿದ್ದವು. ಕೆಳದಂಡೆಯನ್ನು ತುಂಬಬೇಕಾದರೆ ಮೇಲ್ದಂಡೆಗೆ ಉಣಿಸಬೇಕು. ಇದರಲ್ಲಿ ಬಿಡಿಸಿ ಹೇಳುವಂಥದ್ದು ಏನಾದರೂ ಇದೆ ಎಂದು ಹಿರಿಯರಿಗೆ ಅನಿಸಲಿಲ್ಲ. ನನಗೂ ಅನಿಸಲಿಲ್ಲ. ಕಚೇರಿಯ ಕಾಗದದಲ್ಲಿ ಮೇಲ್ದಂಡೆ ಊಟ ಪಡೆದ ಗುಂಪು ಎಂದೂ ಕೆಳದಂಡೆ ಹೋಲಿಕೆಯ ಗುಂಪು ಎಂದೂ ದಾಖಲಾಯಿತು.

ಐದು ತಿಂಗಳ ಲೆಕ್ಕ ಹೀಗಿತ್ತು. ದಿನವೂ ಹೆಸರುಬೇಳೆಯ ಕಿಚಡಿ, ಒಂದು ಮೊಟ್ಟೆ, ಒಂದು ಶೇಂಗಾ ಉಂಡಿ ತಿಂದ ಮೇಲ್ದಂಡೆಯ ನಲವತ್ತನಾಲ್ಕು ಮಕ್ಕಳು ಸರಾಸರಿ ಮುನ್ನೂರ ಹತ್ತು ಗ್ರಾಂ ಏರಿದ್ದರು. ಏನೂ ಸಿಗದ ಕೆಳದಂಡೆಯ ನಲವತ್ತನಾಲ್ಕು ಮಕ್ಕಳು ಸರಾಸರಿ ಒಂದು ಕಿಲೋ ತೊಂಬತ್ತು ಗ್ರಾಂ ಏರಿದ್ದರು. ನೀಲಿಯ ಸಂಗತಿಯನ್ನೇ ಹೇಳುತ್ತೇನೆ. ಮೊದಲ ತಿಂಗಳಲ್ಲಿ ಅವಳಿಗೆ ಎರಡು ವರ್ಷ ಐದು ತಿಂಗಳು. ತೂಕ ಏಳು ಕಿಲೋ ನಾನೂರು. ತೋಳಿನ ಸುತ್ತಳತೆ ಹತ್ತು ಪಾಯಿಂಟ್ ಎಂಟು ಸೆಂಟಿಮೀಟರ್. ತೋಳಿಗೆ ಸುತ್ತುವ ಬಣ್ಣದ ಪಟ್ಟಿಯಲ್ಲಿ ಅದು ಕೆಂಪು, ಎಂದರೆ ಅಪಾಯ. ಆಗ ಅವಳು ತಾಯಿಯ ಹೆಗಲಿಂದ ತಲೆ ಎತ್ತುತ್ತಿರಲಿಲ್ಲ. ಐದನೆಯ ತಿಂಗಳಲ್ಲಿ ತೂಕ ಎಂಟು ಕಿಲೋ ಆರುನೂರು. ತೋಳು ಕೆಂಪು ದಾಟಿ ಹಳದಿಗೆ ಬಂದಿತ್ತು. ಸೇತುವೆಯನ್ನು ತಾನೇ ನಡೆದು ದಾಟುತ್ತಿದ್ದಳು. ಅಡುಗೆಮನೆ ಮುಚ್ಚಿದರೆ ಚೆನ್ನನಿಗೆ ಮತ್ತೆ ಒಂದು ಹೊತ್ತಿನ ಗಂಜಿ. ಎರಡು ತಿಂಗಳಲ್ಲಿ ಅವಳ ತೋಳು ಕೆಂಪಿಗೆ ಮರಳುತ್ತದೆ. ಅದರ ಮುಂದಿನ ತಿಂಗಳು ಏನಾಗುತ್ತದೆ ಎಂದು ಯಾರೂ ನನ್ನನ್ನು ಕೇಳಿರಲಿಲ್ಲ.

ಮೂರನೆಯ ತಿಂಗಳ ವರದಿಯ ಷರಾದಲ್ಲಿ ನಾನು ಎದುರುಕೂಸಿನ ವಿಷಯವನ್ನು ಎರಡು ಸಾಲಿನಲ್ಲಿ ಬರೆದಿದ್ದೆ. ಷರಾದಲ್ಲಿ ಸಂಬಂಧವಿಲ್ಲದ ಸಂಗತಿ ಬರೆಯಬಾರದೆಂದು ಉತ್ತರ ಬಂತು. ಐದನೆಯ ತಿಂಗಳ ವರದಿ ತಲುಪಿದ ಮೇಲೆ ತಪಾಸಣೆಗೆಂದು ಕಚೇರಿಯಿಂದ ವೈಜಯಂತಿ ಮೇಡಂ ಅವರೇ ಬಂದರು.

ಐವತ್ತರ ಹತ್ತಿರದ ವಯಸ್ಸು, ಕಡಿಮೆ ಮಾತು. ಬಂದ ದಿನವೇ ಚೀಲದಿಂದ ಐದು ಕಿಲೋದ ಕಬ್ಬಿಣದ ತೂಕ ತೆಗೆದು ನನ್ನ ತಕ್ಕಡಿಗೆ ನೇತುಹಾಕಿ ನೋಡಿದರು. ಮುಳ್ಳು ಐದರ ಮೇಲೆಯೇ ನಿಂತಿತು. ಹತ್ತು ಮಕ್ಕಳನ್ನು ಮತ್ತೆ ತೂಗಿಸಿದರು, ಎಲ್ಲವೂ ಸರಿ ಇತ್ತು.

"ಈಗಿನ ತೂಕ ಸರಿ ಇದೆ, ಫಕೀರಪ್ಪನವರೇ. ಆದರೆ ಮೊದಲ ತಿಂಗಳ ಅಂಕಿ ನಿಮ್ಮೊಬ್ಬರದೇ. ಆಗ ಕೆಳದಂಡೆಯ ಮಕ್ಕಳನ್ನ ಕಡಿಮೆ ಬರೆದಿದ್ದರೆ ಈಗ ಏರಿದ ಹಾಗೆ ಕಾಣುತ್ತೆ."

"ಕಡಿಮಿ ಬರದು ನಂಗೇನ ಸಿಗ್ತೈತ್ರಿ?"

"ಅದು ನನಗೆ ಗೊತ್ತಿಲ್ಲ. ಇಲ್ಲಾಂದ್ರೆ ಮೇಲ್ದಂಡೆಯ ಊಟ ಕೆಳದಂಡೆಗೆ ಹೋಗ್ತಿದೆ. ಎರಡರಲ್ಲಿ ಒಂದು."

ಮಧ್ಯಾಹ್ನ ಅವರು ಅಡುಗೆಮನೆಗೆ ಬಂದಾಗ ಇಪ್ಪತ್ತಕ್ಕೂ ಹೆಚ್ಚು ಕೆಳದಂಡೆಯ ಹೆಂಗಸರು ಮೇಲ್ದಂಡೆಯ ಮಕ್ಕಳ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ರುಚಿಗಾಗಿ ಮಾತ್ರ ಉಣ್ಣುವ ಮಕ್ಕಳಿಗೆ ಉಣಿಸುವುದು ಸುಲಭವಲ್ಲ. ಬೇಸರ ಬಂದರೆ ಬಾಯಿ ಮುಚ್ಚಿಬಿಡುತ್ತಾರೆ. ಹೆತ್ತವರು ಆ ಹೊತ್ತಿನಲ್ಲಿ ಭಟ್ಟಿಯಲ್ಲಿರುತ್ತಾರೆ. ಹಾಗಾಗಿ ಎದುರುಕೂಸಿನ ತಾಯಿ ಬಂದು ಕಥೆ ಹೇಳಿಯೋ ಗದರಿಸಿಯೋ ಉಣಿಸಬೇಕು. ಮೇಡಂ ಬಾಗಿಲಲ್ಲೇ ನಿಂತರು.

"ಇವರು ಯಾರು?"

"ಕೆಳದಂಡಿ ತಾಯಂದಿರ್ರಿ."

"ಹೋಲಿಕೆಯ ಗುಂಪಿನ ತಾಯಂದಿರು ಇಲ್ಲೇನು ಮಾಡ್ತಿದಾರೆ?"

"ಉಣಿಸಾಕ ಬಂದಾರ್ರಿ."

ಅವರು ಬರೆದುಕೊಂಡರು. ಸಂಜೆಯೊಳಗೆ ಆದೇಶ ಬಂತು: ಕೆಳದಂಡೆಯವರು ಯಾರೂ ಅಡುಗೆಮನೆಯ ಹತ್ತಿರ ಬರಕೂಡದು. ಬಾಗಿಲಿಗೆ ಒಬ್ಬ ಕಾವಲುಗಾರ ನಿಂತ. ಮರುದಿನದಿಂದ ತಟ್ಟೆಗಳಲ್ಲಿ ಕಿಚಡಿ ಉಳಿಯತೊಡಗಿತು. ನಾಲ್ಕನೆಯ ದಿನ ಚೆನ್ನನಿಗೆ ಜ್ವರ ಬಂದು ಅವನು ಬರುವುದೇ ನಿಂತಿತು.

ಐದನೆಯ ದಿನ ನಾನು ಮೇಡಂ ಇಳಿದುಕೊಂಡಿದ್ದ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ.

"ಫಲ ಬಂದ ಮೇಲೆ ಕಾರಣ ಯಾರು ಬೇಕಾದರೂ ಹೇಳಬಹುದು," ಅಂದರು. "ನಾನು ಇಪ್ಪತ್ತು ವರ್ಷದಿಂದ ಕೇಳ್ತಾ ಇದೀನಿ. ನೀರು ಕೆಟ್ಟಿತ್ತು, ಹಬ್ಬ ಬಂದಿತ್ತು, ಮಕ್ಕಳೇ ಹಾಗೆ ಅಂತ. ನಿಮ್ಮದು ಹೊಸದು, ಅಷ್ಟೇ. ಫಲ ಬರೋ ಮುಂಚೆ ಹೇಳೋಕಾಗುತ್ತಾ?"

"ಹೆಂಗ್ರಿ?"

"ಸೋಮವಾರ ಕೊನೆಯ ತೂಕ. ಕೆಳದಂಡೆಯ ನಲವತ್ತನಾಲ್ಕು ಮಕ್ಕಳಲ್ಲಿ ಯಾರು ಹೋದ ತಿಂಗಳಿಗಿಂತ ನೂರು ಗ್ರಾಂ ಅಥವಾ ಹೆಚ್ಚು ಏರ್ತಾರೆ, ಯಾರು ಏರಲ್ಲ, ಭಾನುವಾರವೇ ಬರೆದುಕೊಡಿ. ನಿಮ್ಮ ಮಾತು ನಿಜವಾದರೆ ಅಡುಗೆಮನೆಯ ಹಾಜರಿ ನೋಡಿ ಹೇಳೋಕಾಗಬೇಕು. ಕಣ್ಣು ಮುಚ್ಚಿ ಊಹೆ ಮಾಡಿದ್ರೂ ಮೂವತ್ತು ಸರಿ ಬರುತ್ತೆ. ನನಗೆ ನಲವತ್ತು ಬೇಕು. ನಲವತ್ತು ಬಂದರೆ ನಿಮ್ಮ ಕಾರಣವನ್ನೇ ವರದಿಯಲ್ಲಿ ಬರೀತೀನಿ, ಅಡುಗೆಮನೆ ಉಳಿಯುತ್ತೆ. ಬರದಿದ್ದರೆ ಒಂದನೇ ತಾರೀಖಿಗೆ ಮುಚ್ಚಬೇಕು ಅಂತ ಬರೀತೀನಿ."

ಭಾನುವಾರ ಹಾಜರಿ ಪುಸ್ತಕ ಮುಂದಿಟ್ಟುಕೊಂಡು ಬರೆದೆ. ಎದುರುಕೂಸು ಇಪ್ಪತ್ತನಾಲ್ಕು ದಿನಗಳಲ್ಲಿ ಹದಿನೆಂಟಾದರೂ ದಿನ ಬಂದಿದ್ದರೆ ಕೆಳದಂಡೆಯ ಕೂಸು ಏರುತ್ತದೆ, ಇಲ್ಲವಾದರೆ ಏರುವುದಿಲ್ಲ. ಏರುವವರು ಇಪ್ಪತ್ತೊಂಬತ್ತು, ಏರದವರು ಹದಿನೈದು. ಚೆನ್ನನ ಹಾಜರಿ ಹದಿನಾರು ದಿನ. ಅದರಲ್ಲೂ ಕೊನೆಯ ಮೂರು ದಿನ ತಟ್ಟೆ ಮುಟ್ಟಿರಲಿಲ್ಲ, ಆಮೇಲೆ ಜ್ವರ. ಕಲ್ಲವ್ವನ ಮನೆಯಲ್ಲಿ ಅವನಿಗೆ ಕೊಡಲು ಏನೂ ಇರಲಿಲ್ಲ. ದ್ಯಾಮವ್ವ ಆ ಮನೆಗೆ ಕಾಲಿಡುತ್ತಿರಲಿಲ್ಲ. ನೀಲಿಯ ಹೆಸರಿನ ಮುಂದೆ ಏರುವುದಿಲ್ಲ ಎಂದು ಬರೆದೆ. ಇಬ್ಬರೂ ಸಹಿ ಹಾಕಿದೆವು. ಮೇಡಂ ಹಾಳೆಯನ್ನು ಚೀಲದಲ್ಲಿಟ್ಟುಕೊಂಡರು.

ಸೋಮವಾರ ಎಂಟು ಗಂಟೆಗೆ ಕೆಳದಂಡೆಯ ಚಾವಡಿಯಲ್ಲಿ ತೂಕ ಶುರುವಾಯಿತು. ಗಡಿಯಾರದಂಥ ಮುಖದ ತಕ್ಕಡಿ ತೊಲೆಯಿಂದ ತೂಗುತ್ತದೆ, ಅದರ ಕೊಂಡಿಗೆ ಬಟ್ಟೆಯ ಜೋಲಿ. ಮಗುವಿನ ಬಟ್ಟೆ ಬಿಚ್ಚಿ ಜೋಲಿಯಲ್ಲಿ ಕೂರಿಸಿ, ಮುಳ್ಳು ನಿಂತ ಮೇಲೆ ನಾನು ಒಮ್ಮೆ ಕೂಗುತ್ತೇನೆ. ಮೇಡಂ ಪುಸ್ತಕದಲ್ಲಿ ಬರೆದು, ಪಟ್ಟಿಯಲ್ಲಿ ಸರಿ ಅಥವಾ ತಪ್ಪು ಗುರುತು ಹಾಕುತ್ತಾರೆ. ಮೊದಲ ಹತ್ತು ಮಕ್ಕಳಿಗೆ ಅವರು ನನ್ನ ಹೆಗಲ ಹಿಂದೆ ನಿಂತು ಮುಳ್ಳು ನೋಡಿದರು. ಆಮೇಲೆ ಮೇಜಿಗೆ ಹೋಗಿ ಕೂತರು. ಅಲ್ಲಿಂದ ಅವರಿಗೆ ತಕ್ಕಡಿಯ ಬೆನ್ನು ಮಾತ್ರ ಕಾಣುತ್ತಿತ್ತು.

ಊರಲ್ಲಿ ಪಟ್ಟಿಯ ವಿಷಯ ಯಾರಿಗೂ ಗೊತ್ತಿರಲಿಲ್ಲ. ಮಕ್ಕಳು ಏರದಿದ್ದರೆ ಅಡುಗೆಮನೆ ಮುಚ್ಚುತ್ತಾರೆ ಎಂದಷ್ಟೇ ಸುದ್ದಿ ಹಬ್ಬಿತ್ತು. ತಾಯಂದಿರು ಸಾಲಿನಲ್ಲಿ ನಿಂತಿದ್ದರು. ಒಬ್ಬಳು ಮಗನ ಉಡಿದಾರಕ್ಕೆ ಒಂದು ಹಿಡಿ ಹುಣಸೆಬೀಜದ ಗಂಟು ಕಟ್ಟಿ ತಂದಿದ್ದಳು. ನಾನು ಬಿಚ್ಚಿ ಕೈಗೆ ಕೊಟ್ಟೆ.

"ಅದು ದೃಷ್ಟಿ ಆಗಬಾರ್ದಂತ ಕಟ್ಟಿದ್ದು, ಮಾಸ್ತರ," ಅಂದಳು.

"ದೃಷ್ಟಿ ಅರ್ಧ ಪಾವು ತೂಗ್ತೈತೇನವ್ವ?" ಅಂದೆ. ಸಾಲಿನಲ್ಲಿದ್ದವರು ನಕ್ಕರು. ಮೇಡಂ ತಲೆ ಎತ್ತಲಿಲ್ಲ.

ಮೊದಲ ಹದಿನೆಂಟು ಗುರುತುಗಳೂ ಸರಿ. ಹತ್ತೊಂಬತ್ತನೆಯದು ತಪ್ಪಿತು, ಎದುರುಕೂಸು ಸೋದರತ್ತೆಯ ಊರಿಗೆ ಹೋಗಿ ಹೊಟ್ಟೆತುಂಬ ಉಂಡು ಬಂದಿದ್ದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಆಮೇಲೆ ಇನ್ನೂ ಮೂರು ತಪ್ಪಿದವು. ಹನ್ನೊಂದೂವರೆಗೆ ನಲವತ್ಮೂರು ಮಕ್ಕಳಾಗಿದ್ದರು. ಮೇಜಿನ ಮೇಲಿನ ಗುರುತುಗಳನ್ನು ನಿಂತಲ್ಲಿಂದಲೇ ಎಣಿಸಿದೆ. ಸರಿ ಮೂವತ್ತೊಂಬತ್ತು, ತಪ್ಪು ನಾಲ್ಕು. ಉಳಿದಿದ್ದು ನೀಲಿ ಒಬ್ಬಳೇ.

ದ್ಯಾಮವ್ವ ಓಡುತ್ತ ಬಂದಳು. ಹಣೆಯ ಮೇಲೆ ಬೆವರು. "ತಡ ಆತ್ರಿ ಮಾಸ್ತರ," ಎನ್ನುತ್ತಲೇ ಮಗಳ ಅಂಗಿ ಬಿಚ್ಚಿದಳು. ನೀಲಿಯನ್ನು ಜೋಲಿಯಲ್ಲಿ ಕೂರಿಸಿದೆ. ಅವಳು ಕಾಲು ಝಾಡಿಸಿದಳು, ಮುಳ್ಳು ಏಳರಿಂದ ಹತ್ತರವರೆಗೆ ಓಡಾಡಿತು.

ಹೋದ ತಿಂಗಳು ಅವಳ ತೂಕ ಎಂಟು ಆರುನೂರು. ಮುಳ್ಳು ಅಲ್ಲೇ ನಿಂತರೆ, ಅಥವಾ ಕೆಳಗೆ ನಿಂತರೆ, ನನ್ನ ಪಟ್ಟಿಗೆ ನಲವತ್ತು. ಅಡುಗೆಮನೆ ಉಳಿಯುತ್ತದೆ. ಒಂದು ಕೂಸು ಸೊರಗಿರಲಿ ಎಂದು ನಾನು ಬಯಸುತ್ತಿದ್ದೆ. ಹದಿನೇಳು ವರ್ಷದ ಅಳತೆಯ ಕೆಲಸದಲ್ಲಿ ಅಂಥದ್ದನ್ನು ಬಯಸಿದ್ದು ಅದೊಂದೇ ಸಲ. ದ್ಯಾಮವ್ವ ಎರಡು ಹೆಜ್ಜೆ ಹಿಂದೆ ಕೈಮುಗಿದುಕೊಂಡು ನಿಂತಿದ್ದಳು.

ಮುಳ್ಳು ನಿಂತಿತು. ಎಂಟು ಎಂಟುನೂರು.

ನಾನು ಕೂಗಲಿಲ್ಲ. ನೀಲಿಯ ಕಾಲು ಹಿಡಿದು ಜೋಲಿಯನ್ನು ಸ್ಥಿರ ಮಾಡಿ ಮತ್ತೆ ನೋಡಿದೆ. ಎಂಟು ಎಂಟುನೂರು. ಮೇಡಂ ಪೆನ್ನು ಹಿಡಿದು ಕಾಯುತ್ತಿದ್ದರು. ಮುಳ್ಳು ನನಗೆ ಮಾತ್ರ ಕಾಣುತ್ತಿತ್ತು. ದ್ಯಾಮವ್ವನಿಗೆ ಅಂಕಿ ಓದಲು ಬರುವುದಿಲ್ಲ. ಎರಡು ಗೆರೆ ಕಡಿಮೆ ಹೇಳಿದರೆ ಈ ಕೂಸಿಗೆ ನಾಳೆಯೂ ಊಟ, ಮುಂದಿನ ವರ್ಷವೂ ಊಟ. ಆದರೆ ಆ ಎರಡು ಗೆರೆ ಸುಳ್ಳಾದರೆ ಹಿಂದಿನ ನಲವತ್ಮೂರು ನಿಜ ಎಂದು ನಾನು ಯಾವ ಬಾಯಿಂದ ಹೇಳಲಿ?

"ಏನಾಯ್ತು?" ಅಂದರು ಮೇಡಂ.

"ಎಂಟು ಕಿಲೋ ಎಂಟುನೂರು," ಎಂದು ಕೂಗಿದೆ.

ದ್ಯಾಮವ್ವ ಮಗಳನ್ನು ಜೋಲಿಯಿಂದ ಎತ್ತಿ ಎದೆಗವಚಿಕೊಂಡಳು. "ಏರ್ಯಾಳಲ್ರಿ? ಎರಡುನೂರು ಏರ್ಯಾಳಲ್ರಿ? ಇನ್ನ ಅಡಿಗಿಮನಿ ಮುಚ್ಚಂಗಿಲ್ಲಲ್ರೀ ಅಕ್ಕಾರ?"

ಮೇಡಂ ಪಟ್ಟಿಯ ಕೊನೆಯ ಸಾಲಿಗೆ ತಪ್ಪಿನ ಗುರುತು ಹಾಕಿದರು. ಎದ್ದು ಬಂದು ನೀಲಿಯನ್ನು ತಾವೇ ಮತ್ತೆ ಜೋಲಿಯಲ್ಲಿ ಕೂರಿಸಿ ಮುಳ್ಳು ನೋಡಿದರು. ನೋಡಿ, ಮಗುವನ್ನು ತಾಯಿಯ ಕೈಗೆ ಕೊಟ್ಟರು.

"ಏನು ತಿನ್ನಿಸಿದೆಯಮ್ಮ ಇವಳಿಗೆ?"

"ಇಕೀಗೇನ ತಿನ್ನಿಸ್ಲಿ?" ದ್ಯಾಮವ್ವನಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಚೆನ್ನಗ ತಿನ್ನಿಸ್ದೆ. ಜ್ವರ ಬಂದು ಮಲಗಿದ್ನಲ್ರಿ. ಅಡಿಗಿಮನಿ ಹತ್ರ ಬರಬ್ಯಾಡ ಅಂದಿದ್ರಿ, ಕಲ್ಲವ್ವನ ಮನಿಗೆ ಹೋಗಬ್ಯಾಡ ಅಂದಿರ್ಲಿಲ್ಲ. ಕಾವಿಗೆ ಇಡಬೇಕಂತ ಒಂಬತ್ತು ಮೊಟ್ಟಿ ಕೂಡಿಸಿಟ್ಟಿದ್ದೆ. ಎಲ್ಲಾ ಕುದಿಸಿ, ಹಾಲಾಗ ಕಿವುಚಿ, ಹೊತ್ತಿಗೆ ನಾಲ್ಕು ಚಮಚಾದಂಗ ತಿನ್ನಿಸ್ದೆ. ಈಗೂ ಅಲ್ಲಿಂದನ ಬಂದೆ."

"ಕಲ್ಲವ್ವ ಒಳಗ ಬಿಟ್ಟಳ?" ಎಂದು ನಾನು ಕೇಳಿದೆ.

"ಬೈದಳು. ಬೈಕೋತನ ಬಾಗಲಾ ತಗದಳು. ಸಂಜೀಕ ತಾನ ಬಂದು ನನ್ನ ಮಗಳಿಗೆ ರೊಟ್ಟಿ ತಿನ್ನಿಸಿ ಹೋದಳು, ಅದೂ ಬೈಕೋತ."

ಹೆಂಗಸರು ಮನೆಗೆ ಹೋದರು. ಚಾವಡಿಯಲ್ಲಿ ನಾವಿಬ್ಬರೇ ಉಳಿದೆವು. ನಾನು ತಕ್ಕಡಿ ಇಳಿಸಿ ಪೆಟ್ಟಿಗೆಗೆ ಹಾಕತೊಡಗಿದೆ.

"ಮೂವತ್ತೊಂಬತ್ತು," ಅಂದರು ಮೇಡಂ.

"ಹೌದ್ರಿ."

"ಇನ್ನೂರು ಗ್ರಾಂ ಕಡಿಮೆ ಕೂಗಿದ್ದರೆ ನನಗೆ ಗೊತ್ತಾಗ್ತಿರಲಿಲ್ಲ."

"ಇಲ್ರಿ."

"ನೀವು ತಡ ಮಾಡಿದಾಗ ಕಡಿಮೆ ಕೂಗ್ತೀರಿ ಅಂತಲೇ ಅಂದ್ಕೊಂಡೆ. ಎದ್ದು ಬಂದು ನೋಡಬೇಕು ಅಂತಿದ್ದೆ." ಅವರು ಪೆನ್ನಿನ ಮುಚ್ಚಳ ಹಾಕಿ, ಮತ್ತೆ ತೆಗೆದರು. "ನಿಮ್ಮ ಕಾರಣ ಸಾಬೀತಾಗಿಲ್ಲ. ಹಾಗಂತಲೇ ಬರೀತೀನಿ. ಆಯಮ್ಮ ಈಗ ಹೇಳಿದ್ದು ಕೂಡ ಫಲ ಬಂದ ಮೇಲೆ ಹೇಳಿದ್ದೇ. ಅದನ್ನ ಲೆಕ್ಕಕ್ಕೆ ಹಿಡಿಯೋಕೆ ಆಗಲ್ಲ."

"ಬರೀರಿ." ನನ್ನ ಕೈ ಪೆಟ್ಟಿಗೆಯ ಚಿಲಕ ಹುಡುಕುತ್ತಿತ್ತು, ಸಿಗಲಿಲ್ಲ.

"ಪೂರ್ತಿ ಕೇಳಿ. ನಾನು ಬಂದಿದ್ದು ನಿಮ್ಮ ಮೊದಲ ತಿಂಗಳ ಅಂಕಿ ಸುಳ್ಳು ಅಂತ ತೋರಿಸೋಕೆ. ಇವತ್ತು ನಿಮಗೇ ಮುಳುವಾಗೋ ಅಂಕೀನ ನೀವು ಕೂಗಿದ್ದು ನಾನು ಕೇಳಿದೆ. ಆ ಮೊದಲ ಅಂಕಿಗಳನ್ನ ನಂಬಬಹುದು ಅಂತಾನೂ ಬರೀತೀನಿ. ಅವು ನಿಜವಾದರೆ ಕೆಳದಂಡೆಯ ಮಕ್ಕಳು ಒಂದು ಕಿಲೋಗೂ ಮೇಲೆ ಏರಿದ್ದು ನಿಜ. ಯಾಕೆ ಅಂತ ನನಗೆ ಗೊತ್ತಿಲ್ಲ. ಗೊತ್ತಾಗೋವರೆಗೂ ಈ ಊರಲ್ಲಿ ನಡೀತಿರೋ ಯಾವುದನ್ನೂ ನಿಲ್ಲಿಸಬಾರದು ಅಂತ ಬರೆದು ಸಹಿ ಹಾಕ್ತೀನಿ."

"ಎಷ್ಟು ದಿನರಿ?"

"ಆರು ತಿಂಗಳು. ಅದಕ್ಕಿಂತ ಹೆಚ್ಚು ನನ್ನ ಕೈಲಿಲ್ಲ. ಮುಂದಿನ ಸಲ ಪಟ್ಟಿ ಬರೆಯೋವಾಗ ಮನೆಯಲ್ಲಿ ತಿಂದಿದ್ದನ್ನೂ ಕೇಳ್ಕೊಳ್ಳಿ. ಆಗಲೂ ನಲವತ್ತೇ ಕೇಳ್ತೀನಿ."

ಆರು ತಿಂಗಳು ಎಂದರೆ ಮೇಲ್ದಂಡೆಯಲ್ಲಿ ದಿನಕ್ಕೆ ನಲವತ್ತನಾಲ್ಕು ಮೊಟ್ಟೆ. ಕೆಳದಂಡೆಯಲ್ಲಿ ನೀಲಿಯ ತೋಳು ಹಳದಿಯಿಂದ ಹಸಿರಿಗೆ ದಾಟಲು ಬೇಕಾದಷ್ಟು ಕಾಲ, ನಡುವೆ ಜ್ವರಗಳು ಬರದಿದ್ದರೆ. ಅಷ್ಟನ್ನು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಪೆಟ್ಟಿಗೆಯ ಚಿಲಕ ಸಿಕ್ಕಿತು.

ಹನ್ನೆರಡೂವರೆಗೆ ಇಬ್ಬರೂ ಸೇತುವೆ ದಾಟಿದೆವು. ಮೇಡಂ ಕಾವಲುಗಾರನಿಗೆ ಬಾಗಿಲು ಬಿಡಲು ಹೇಳಿದರು. ಅವನು ಪಕ್ಕಕ್ಕೆ ಸರಿದನೋ ಇಲ್ಲವೋ, ಹೆಂಗಸರು ಒಳಗಿದ್ದರು. ಜ್ವರ ಬಿಟ್ಟು ಮೊದಲ ದಿನ ಬಂದಿದ್ದ ಚೆನ್ನ ಗೋಡೆಗೆ ಒರಗಿ, ಮೊಟ್ಟೆಯ ಬಿಳಿ ತಿಂದು, ಹಳದಿಯನ್ನು ತಟ್ಟೆಯ ಅಂಚಿಗೆ ನೂಕಿದ್ದ. ದ್ಯಾಮವ್ವ ಅವನೆದುರು ಕೂತಳು.

"ಹಳದಿ ತಿನ್ನೋ, ನನ್ನಪ್ಪಾ."

"ಬ್ಯಾಡ. ನೀಲಿ ನನ್ನ ಚಿವುಟ್ತಾಳ."

"ಯಾವಾಗ ಚಿವುಟಿದಳು?"

"ನಿನ್ನಿ, ನೀ ಕರಕೊಂಡು ಬಂದಿದ್ಯಲ್ಲ, ಆವಾಗ. ಕೆಂಪಗ ಆತು."

"ಅಯ್ಯ, ಕೆಂಪಗ ಆಗೂವಂಗ ಚಿವುಟಿದಳ? ಹೋದ ವರ್ಷ ನೊಣ ಬಂದು ಮುಖದ ಮ್ಯಾಲ ಕುಂತ್ರೂ ಕೈ ಎತ್ತತಿರ್ಲಿಲ್ಲೋ ಆಕಿ! ಅಷ್ಟು ಶಕ್ತಿ ಆಕೀಗೆ ಯಾರು ಕೊಟ್ರು?"

ಚೆನ್ನ ಯೋಚಿಸಿದ. "ನಾ?"

"ಮತ್ಯಾರು? ನೀನ ಕೊಟ್ಟಿ."

ಅವನು ಕೆಂಪಾದ ತೋಳನ್ನು ಒಮ್ಮೆ ನೋಡಿಕೊಂಡು, ಹಳದಿಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡ.

ಮೇಡಂ ನನ್ನ ಪಕ್ಕಕ್ಕೆ ಬಂದು ದನಿ ತಗ್ಗಿಸಿ ಕೇಳಿದರು. "ಈಗ ಆಚೆ ದಂಡೆಯಲ್ಲಿ ಆ ಹುಡುಗಿಗೆ ಹೊಟ್ಟೆ ತುಂಬ್ತಾ ಇದೆಯಾ?"

"ನಂಗೊತ್ತಿಲ್ರಿ ಮೇಡಂ," ಅಂದೆ. "ತೂಗಿ ಹೇಳ್ತೀನಿ."